ಕೂಡ್ಲಿಗಿಯಿಂದ ಕೊಟ್ಟೂರಿನ ತನಕ

ಬ್ಲೌಸಿನ ಅಳತೆ ಕೊಡಲು ಕೈ ಎತ್ತಿ ನಿಂತಿದ್ದ ರೇಣುಕಾ, ಗೌಸಿಯಾ ಟೇಪನ್ನು ಅವಳ ಬೆನ್ನ ಸುತ್ತ ತರುವಷ್ಟರಲ್ಲಿ ಮಾತು ತೆಗೆದಳು.

"ಕೊಟ್ಟೂರಿನ ಹುಡುಗ್ರು ಒಂದು ಓಟ ಇಟ್ಟಾರಂತ. ಕೂಡ್ಲಿಗಿಯಿಂದ ಕೊಟ್ಟೂರಿಗಿ. ಹೆಣ್ಮಕ್ಕಳಿಗೂ ಐತಿ."

"ಕೈ ಇಳಿಸು," ಅಂದಳು ಗೌಸಿಯಾ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದರಿಂದ ಅವಳಿಗೆ ಅಷ್ಟಕ್ಕಿಂತ ಹೆಚ್ಚು ಮಾತಾಡಲು ಬರುತ್ತಿರಲಿಲ್ಲ.

"ನಾವಿಬ್ಬರೂ ಓಡೂನೇನು?"

ಗೌಸಿಯಾ ಪಿನ್ನು ತೆಗೆದು ಮೇಜಿನ ಮೇಲಿಟ್ಟಳು. ರೇಣುಕಾ ನಗುತ್ತಿದ್ದಾಳೇನೋ ಅಂತ ಮುಖ ನೋಡಿದಳು. ನಗುತ್ತಿರಲಿಲ್ಲ.

ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗೌಸಿಯಾಳ ಮನೆ. ಅದರ ಪಡಸಾಲೆಯೇ ಅವಳ ಹೊಲಿಗೆ ಅಂಗಡಿ. ಗಂಡ ಅಕೀಲ ಟ್ರ್ಯಾಕ್ಟರು, ಮೆಕ್ಕೆಜೋಳ ಬಿಡಿಸುವ ಮಷೀನು ರಿಪೇರಿ ಮಾಡುತ್ತಿದ್ದ. ಮಗಳು ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮನೆಯಲ್ಲಿ ಇನ್ನುಳಿದವಳೆಂದರೆ ಅತ್ತೆ ಶಹಜಾನಬಿ. ಮೊಣಕಾಲು ಹಿಡಿದುಕೊಂಡಿದ್ದರಿಂದ ಆಕೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಓಣಿಯನ್ನು ನೋಡುತ್ತ ಕೂಡುತ್ತಿದ್ದಳು.

ರೇಣುಕಾ ತೆಲಿಗಿಯವಳು. ಊರಲ್ಲೇ ಇದ್ದ ಸೋದರಮಾವನ ಮಗನಿಗೇ ಕೊಟ್ಟಿದ್ದರಿಂದ ಮದುವೆಯಾದ ಮೇಲೂ ತೆಲಿಗಿಯಲ್ಲೇ ಉಳಿದಿದ್ದಳು. ಹೊಲ, ಕುರಿ, ಎರಡರ ನಡುವೆ ಅವಳ ದಿನ ಹೋಗುತ್ತಿತ್ತು. ಈ ಇಬ್ಬರೂ ಹರಪನಹಳ್ಳಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಮೈದಾನದಲ್ಲಿ ಓಡಿದವರು. ಶಾಲೆಯ ಓಟ ಇರಲಿ, ತಾಲ್ಲೂಕಿನದಿರಲಿ, ಹಗರಿಬೊಮ್ಮನಹಳ್ಳಿಯಲ್ಲಿ ನಡೆದ ದೊಡ್ಡ ಕ್ರೀಡಾಕೂಟವೇ ಇರಲಿ, ಉದ್ದ ಓಟದಲ್ಲಿ ಗೌಸಿಯಾ ಮೊದಲು ಬರುತ್ತಿದ್ದಳು, ರೇಣುಕಾ ಎರಡನೆಯವಳಾಗಿ ಬರುತ್ತಿದ್ದಳು. ಅದು ಎಷ್ಟು ರೂಢಿಯಾಗಿತ್ತೆಂದರೆ ಮೇಷ್ಟ್ರುಗಳು ಅವರಿಬ್ಬರ ಹೆಸರನ್ನು ಅದೇ ಕ್ರಮದಲ್ಲಿ ಒಟ್ಟಿಗೇ ಕೂಗುತ್ತಿದ್ದರು.

ಆಮೇಲೆ ಓಟ ನಿಂತಿತು. ಯಾರೂ ಬೇಡ ಅನ್ನಲಿಲ್ಲ. ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಹೈಸ್ಕೂಲು ಮುಗಿಯಿತು, ಮದುವೆಯಾಯಿತು, ಓಡುವುದಕ್ಕೆ ಒಂದು ಕಾರಣ ಅಂತ ಬರಲಿಲ್ಲ, ಅಷ್ಟೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಗೌಸಿಯಾ ಬಸ್ಸು ಹಿಡಿಯಲೂ ಓಡಿದವಳಲ್ಲ. ಒಂದು ಹೋದರೆ ಇನ್ನೊಂದು ಬರುತ್ತೆ ಅಂತ ನಿಲ್ಲುವ ಸ್ವಭಾವವಾಗಿಬಿಟ್ಟಿತ್ತು.

"ಅಷ್ಟು ದೂರ ಬಸ್ಸಿನಾಗ ಹೋದ್ರ ನನಗ ಸೊಂಟ ಹಿಡಕೊಂತೈತಿ. ಓಡಂತಿಯಲ್ಲ," ಅಂದಳು ಗೌಸಿಯಾ.

"ಓಟ ಸಂಕ್ರಾಂತಿ ಆದ ಮ್ಯಾಲ. ಇನ್ನೂ ಬೇಕಾದಷ್ಟು ದಿನ ಐತಿ. ನೀನು ಹ್ಞೂ ಅಂದ್ರ ನಾನು. ನೀನು ಬರಲಿಲ್ಲಂದ್ರ ನಾನೂ ಇಲ್ಲ."

"ನನ್ನ ಬಿಟ್ಟು ನೀನೊಬ್ಬಾಕಿ ಓಡಬಾರದೇನು?"

"ನಿನ್ನ ಬಿಟ್ಟು ನಾನು ಓಡೇ ಇಲ್ಲಲೇ," ಅಂದಳು ರೇಣುಕಾ. "ನನಗ ಅದು ಗೊತ್ತಾಗಂಗಿಲ್ಲ."

ಗೌಸಿಯಾ ಆವತ್ತು ಹ್ಞೂ ಅನ್ನಲಿಲ್ಲ. ಆದರೆ ಮರುದಿನ ಬೆಳಿಗ್ಗೆ, ನಮಾಜು ಮುಗಿಸಿ ಎದ್ದವಳು ಅಡುಗೆಮನೆಗೆ ಹೋಗುವ ಬದಲು ಗಂಡನ ಹಳೆಯ ಬೂಟು ಹುಡುಕಿದಳು. ಮುಂದೆ ಅರಿವೆ ತುರುಕಿದರೆ ಬೂಟು ಕಾಲಿಗೆ ಕೂಡುತ್ತಿತ್ತು.

ಊರ ಹೊರಗೆ ಬಾಗಳಿ ರಸ್ತೆಯಲ್ಲಿ, ಗೋದಾಮುಗಳು ಮುಗಿದು ಹೊಲ ಶುರುವಾಗುವಲ್ಲಿ ಆಕೆ ನಿಂತಳು. ಹಿಂದೆ ಮುಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು. ಓಡಿದಳು. ಹೈಸ್ಕೂಲಿನ ಹುಡುಗಿ ಓಡುತ್ತಿದ್ದ ಹಾಗೆಯೇ, ಎದೆ ಮುಂದೆ ಮಾಡಿ, ಬಿರುಸಾಗಿ. ಎದುರಿಗಿದ್ದ ಹುಣಸೆಮರ ಕೂಡ ಬರಲಿಲ್ಲ, ಅಷ್ಟರಲ್ಲಿ ಎದೆಯಲ್ಲಿ ಬೆಂಕಿ ಹತ್ತಿತು. ಹೊಟ್ಟೆಯ ಪಕ್ಕ ಚುಚ್ಚಿತು. ರಸ್ತೆಯ ಬದಿ ಕುಕ್ಕರಗಾಲಲ್ಲಿ ಕೂತು ಆಕೆ ಬಾಯಿ ತೆರೆದು ಉಸಿರು ಹುಡುಕಿದಳು. ಇದು ಯಾರ ಮೈ ಅಂತ ಅನ್ನಿಸಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಸಂಬಂಧಿಕರ ಹಾಗೆ, ತಾನು ಕರೆದರೂ ಅದು ಮುಖ ತಿರುಗಿಸಿತ್ತು.

ಮನೆಗೆ ಬಂದಾಗ ಶಹಜಾನಬಿ ಬಾಗಿಲಲ್ಲಿ ಕೂತಿದ್ದಳು. ಸೊಸೆಯ ಕೆಂಪಾದ ಮುಖ, ಕಾಲಿನ ಬೂಟು, ಎರಡನ್ನೂ ನೋಡಿದಳು.

"ಎಲ್ಲಿಗಿ ಹೋಗಿದ್ದಿ ಬೇಟಾ?"

"ಓಡಾಕ ಹೋಗಿದ್ದೆ ಅಮ್ಮಾ."

"ಯಾರ ಹಿಂದ?"

"ಯಾರ ಹಿಂದೂ ಅಲ್ಲ. ಸುಮ್ಮನ."

"ಎಲ್ಲಿ ತನಕ ಹೋದಿ?"

"ಹುಣಸಿಮರ ಕಾಣತೈತಲ್ಲ, ಅಲ್ಲಿ ತನಕಾನೂ ಹೋಗಲಿಲ್ಲ."

"ನಾಳಿ ಹೋಗು," ಅಂದಳು ಶಹಜಾನಬಿ, ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತ.

ಅಂದು ರಾತ್ರಿ ಅಕೀಲನಿಗೂ ಹೇಳಿದಳು. ಅವನು ಮರುದಿನ ನಸುಕಿಗೆ ಎದ್ದು, ಟಿವಿಎಸ್ ಗಾಡಿ ಹೊರಗೆ ತಂದು ಕಾಯುತ್ತಿದ್ದ. ರಸ್ತೆಯಲ್ಲಿ ನಾಯಿಗಳಿರುತ್ತವೆ ಅಂದ. ಒಂದು ವಾರ ಅವನು ಅವಳ ಹಿಂದೆ ಹಿಂದೆ, ಕಾಲು ನೆಲಕ್ಕೆ ಹಚ್ಚಿಕೊಂಡು, ಗಾಡಿ ಗುರುಗುಟ್ಟಿಸುತ್ತ ಬಂದ. ಅವಳಿಗೆ ತನ್ನ ಉಸಿರಿನ ಸದ್ದೇ ಕೇಳುತ್ತಿರಲಿಲ್ಲ. ಕೊನೆಗೆ ಒಂದು ದಿನ ಊರಿಂದಾಚೆ ಗಾಡಿಯ ಪೆಟ್ರೋಲು ತೀರಿತು. ಅವನು ತಳ್ಳಿಕೊಂಡು ಮನೆಗೆ ಬರುವಷ್ಟರಲ್ಲಿ ಗೌಸಿಯಾ ಮನೆ ಮುಟ್ಟಿ, ಚಹಾ ಇಟ್ಟು, ಕುಡಿದೂ ಆಗಿತ್ತು. ಅತ್ತೆ ಅದನ್ನು ಓಣಿಗೆಲ್ಲ ಹೇಳಿದಳು. ಅಕೀಲ ಅವತ್ತಿನಿಂದ ಹಿಂದೆ ಬರುವುದು ಬಿಟ್ಟ. ಸಂಜೆ ಒಂದು ಜೊತೆ ಹೊಸ ಬೂಟು ತಂದು ಹೊಲಿಗೆ ಮಷೀನಿನ ಪಕ್ಕ ಇಟ್ಟು, ಕೈ ತೊಳೆಯಲು ಹೋದ.

ಭಾನುವಾರ ಗೌಸಿಯಾ ನಸುಕಿನ ಮೊದಲನೇ ಬಸ್ಸಿಗೆ ತೆಲಿಗಿಗೆ ಹೋಗುತ್ತಿದ್ದಳು. ಅಲ್ಲಿ ಹೊಲದ ದಾರಿ, ಡಾಂಬರಿಲ್ಲ, ಕಾಲಿಗೆ ಮೆತ್ತಗೆ. ರೇಣುಕಾಳಿಗೆ ಓಡಲು ಸೀರೆ ತೊಡಕಾಗುತ್ತಿತ್ತು. ಗೌಸಿಯಾ ಇಬ್ಬರಿಗೂ ಒಂದೇ ಥಾನಿನ ಬಟ್ಟೆಯಲ್ಲಿ ಸಡಿಲವಾದ ಪ್ಯಾಂಟು, ಮೊಣಕಾಲಿಗೆ ಬರುವ ಅಂಗಿ ಹೊಲಿದಳು. ಮದುವೆಯಾದಾಗಿನಿಂದ ಸೀರೆ ಬಿಟ್ಟು ಬೇರೆ ಉಡದ ರೇಣುಕಾ ಅದನ್ನು ಹಾಕಿಕೊಂಡು ಮನೆಯೊಳಗೆ ಆ ಗೋಡೆಯಿಂದ ಈ ಗೋಡೆಗೆ ಅಡ್ಡಾಡಿದಳು. "ಎರಡೂ ಕಾಲಿಗೆ ಗಾಳಿ ಬೇರೆ ಬೇರೆ ಹತ್ತತೈತಿ," ಅಂದಳು. ಕನ್ನಡಿ ಸಣ್ಣದಾಗಿದ್ದರಿಂದ ಮೊದಲು ಮೇಲೆ ನೋಡಿಕೊಂಡು, ಆಮೇಲೆ ಕನ್ನಡಿಯನ್ನೇ ಕೆಳಗಿಳಿಸಿ ಕಾಲು ನೋಡಿಕೊಂಡಳು.

ರೇಣುಕಾ ಮೊದಲಿಂದಲೂ ಕುರಿ ಹಿಂದೆ ನಡೆದವಳು, ಅವಳ ಉಸಿರು ಬೇಗ ಕೂಡಿಬಂತು. ಗೌಸಿಯಾಳದು ಬರಲಿಲ್ಲ. ಆದರೂ ಆಕೆ ಮುಂದೆ ಓಡುವುದನ್ನೇ ಬಿಡಲಿಲ್ಲ. ರೂಢಿ ಅದು. ಹೊರಟ ಕೂಡಲೇ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದಳು, ರೇಣುಕಾ ಒಂದು ಹೆಜ್ಜೆ ಹಿಂದೆ ಬೀಳುತ್ತಿದ್ದಳು, ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಹೀಗೆ ಬಿರುಸಾಗಿ ಓಡಿ ಓಡಿ ಒಂದು ಭಾನುವಾರ ಗೌಸಿಯಾಳ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಕಲ್ಲಿನಲ್ಲಿ ಹೊಡೆದಂತಾಯಿತು. ಕುಂಟುತ್ತ ಬಸ್ಸು ಹತ್ತಿದಳು.

ಹತ್ತಿರ ಹತ್ತಿರ ಮೂರು ವಾರ ಓಟವಿಲ್ಲ. ಶಹಜಾನಬಿ ರಾತ್ರಿ ಊಟವಾದ ಮೇಲೆ ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ಸೊಸೆಯ ಕಾಲು ತಿಕ್ಕುತ್ತಿದ್ದಳು. ಕೈಯಲ್ಲಿ ಇನ್ನೂ ಕಸುವಿತ್ತು.

"ನಾನು ಸಣ್ಣಾಕಿದ್ದಾಗ ಹಡಗಲಿಯಾಗ ನಮ್ಮ ಮನಿಯಿಂದ ಬಾವಿಗೆ ಓಡತಿದ್ದೆ," ಅಂದಳು ಒಮ್ಮೆ. "ಕೊಡ ಖಾಲಿ ಇದ್ದಾಗ. ತುಂಬಿದ ಮ್ಯಾಲ ನಡಕೊಂತ. ಅಷ್ಟ ಓಡೀನಿ ನನ್ನ ಜನ್ಮದಾಗ." ಆಮೇಲೆ ಕಾಲು ತಿಕ್ಕುವುದನ್ನು ನಿಲ್ಲಿಸಿ ಕೇಳಿದಳು: "ಉಸಿರು ನಿಂತಂಗ ಆಗತೈತಿ ಅಂತೀಯಲ್ಲ, ಅದರ ಆಚಿಕಡೆ ಏನೈತಿ?"

ಗೌಸಿಯಾಳಿಗೆ ಗೊತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಗೊತ್ತಿತ್ತೇನೋ, ಈಗ ಮರೆತಿತ್ತು. "ಇನ್ನಾ ಅಲ್ಲಿ ತನಕ ಹೋಗಿಲ್ಲ ಅಮ್ಮಾ," ಅಂದಳು.

ಕಾಲು ಸರಿಯಾಗಿ ಮತ್ತೆ ತೆಲಿಗಿಗೆ ಹೋದ ದಿನ ಆ ಸಂಗತಿ ನಡೆಯಿತು.

ಮೆಕ್ಕೆಜೋಳ ಮುರಿದು ಮುಗಿದಿತ್ತು. ಕಟ್ಟಿದ ಸೊಪ್ಪೆಯ ಸಿವುಡುಗಳು ಹೊಲದಲ್ಲಿ ಅಲ್ಲಲ್ಲಿ ನಿಂತಿದ್ದವು. ಚಳಿ. ಮೂಡಣ ಆಗ ತಾನೇ ಬೆಳ್ಳಗಾಗುತ್ತಿತ್ತು. ಇಬ್ಬರೂ ಊರು ದಾಟಿ ಗುಡ್ಡದ ಕಡೆಯ ಬಂಡಿದಾರಿ ಹಿಡಿದಿದ್ದರು. ಕಾಲಿನ ಹೆದರಿಕೆಗೆ ಗೌಸಿಯಾ ಆವತ್ತು ಮೆಲ್ಲಗೆ ಓಡುತ್ತಿದ್ದಳು, ರೇಣುಕಾ ಅವಳ ಪಕ್ಕಕ್ಕೇ ಇದ್ದಳು.

ಎಡಗಡೆ ಹೊಲದಲ್ಲಿ ಏನೋ ಚಲಿಸಿತು. ಗೌಸಿಯಾ ನಾಯಿ ಅಂದುಕೊಂಡಳು. ಆದರೆ ನಾಯಿಯ ಹಾಗೆ ಅದು ಆ ಕಡೆ ಈ ಕಡೆ ಮೂಸಲಿಲ್ಲ. ದಾರಿಗೆ ಸಮನಾಗಿ, ಅವರಿಂದ ಒಂದು ಹೊಲದಷ್ಟು ದೂರದಲ್ಲಿ, ಅವರು ಹೋಗುತ್ತಿದ್ದ ದಿಕ್ಕಿಗೇ ಹೋಗುತ್ತಿತ್ತು. ಉದ್ದ ಕಾಲು. ಒಣ ಹುಲ್ಲಿನ ಬಣ್ಣ. ತಲೆ ತಗ್ಗಿಸಿತ್ತು, ಬಾಲ ಇಳಿಬಿದ್ದಿತ್ತು.

ರೇಣುಕಾ ಅವಳ ಮುಂಗೈ ಹಿಡಿದಳು. "ತೋಳ," ಅಂದಳು ತುಟಿಯಲ್ಲೇ. "ನಿಂದ್ರಬ್ಯಾಡ. ಜೋರೂ ಓಡಬ್ಯಾಡ. ಹಿಂಗ ಹೋಗು."

ಅವರು ಹಾಗೇ ಹೋದರು. ತೋಳವೂ ಹಾಗೇ ಬಂತು. ಗೌಸಿಯಾಳಿಗೆ ಭಯವಾಗಬೇಕಿತ್ತು, ಆಗಲಿಲ್ಲ, ಭಯಕ್ಕೆ ಜಾಗವೇ ಇರಲಿಲ್ಲ. ಆಕೆ ಆ ನಡಿಗೆಯನ್ನು ನೋಡುತ್ತಿದ್ದಳು. ಅದು ಓಟವೂ ಅಲ್ಲ, ನಡಿಗೆಯೂ ಅಲ್ಲ. ಕಾಲುಗಳು ಮೈಯನ್ನು ಕೇಳದೆ ತಾವೇ ಹೋಗುತ್ತಿದ್ದವು. ಬೆನ್ನು ಅಲುಗುತ್ತಿರಲಿಲ್ಲ. ಅದರ ಮೇಲೆ ತುಂಬಿದ ಬಟ್ಟಲಿಟ್ಟರೂ ತುಳುಕದು. ಉಳುಮೆಯ ಸಾಲು, ಕಲ್ಲು, ಬದು, ಎಲ್ಲವೂ ಅದರ ಪಾದದ ಕೆಳಗೆ ಒಂದೇ ಸಮನಾಗಿಬಿಟ್ಟಿದ್ದವು. ಸದ್ದೆಂಬುದೇ ಇರಲಿಲ್ಲ. ಅದು ಎಲ್ಲಿಂದ ಹೊರಟಿತ್ತೋ, ಎಷ್ಟು ದೂರದಿಂದ ಬಂದಿತ್ತೋ, ಎಲ್ಲಿಗೆ ಹೋಗಬೇಕಿತ್ತೋ, ಯಾವುದರ ಗುರುತೂ ಆ ಮೈಯಲ್ಲಿರಲಿಲ್ಲ. ಹೋಗುವುದಷ್ಟೇ ಇತ್ತು.

ಒಂದೇ ಒಂದು ಸಲ ಅದು ಮುಖ ತಿರುಗಿಸಿ ಅವರನ್ನು ನೋಡಿತು. ಎರಡು ಹೆಂಗಸರು, ಒಂದೇ ಬಣ್ಣದ ಅಂಗಿಯವರು, ತನ್ನ ಜೊತೆ ಯಾಕೆ ಬರುತ್ತಿದ್ದಾರೆ ಅಂತ ನೋಡಿದಂತಿತ್ತು. ಆಮೇಲೆ ಬದು ದಾಟಿ, ದಿಬ್ಬ ಏರಿ, ಬೆಳಕಾಗುತ್ತಿದ್ದ ಆಕಾಶದ ಅಂಚಿನಲ್ಲಿ ಒಂದು ಗಳಿಗೆ ಕಂಡು, ಆಚೆ ಇಳಿದುಹೋಯಿತು.

ಇಬ್ಬರೂ ಓಡುತ್ತಲೇ ಇದ್ದರು. ದಿಬ್ಬ ದಾಟಿದರು, ಹಳ್ಳ ದಾಟಿದರು, ಬಿಸಿಲು ಮುಖಕ್ಕೆ ಬಂತು. ಎಷ್ಟೋ ಹೊತ್ತಿನ ಮೇಲೆ ಗೌಸಿಯಾಳಿಗೆ ತನ್ನ ಉಸಿರು ಕೇಳಿತು. ಅದು ಅಂಜದೆ, ಅವಸರಪಡದೆ, ಹೊಲಿಗೆ ಮಷೀನಿನ ಹಾಗೆ ಒಂದೇ ಲಯದಲ್ಲಿ ಹೋಗುತ್ತಿತ್ತು. ಎಲ್ಲೂ ಚುಚ್ಚುತ್ತಿರಲಿಲ್ಲ. ಉಸಿರು ನಿಂತಂತಾಗುವ ಆ ಗೋಡೆಯನ್ನು ತಾನು ಯಾವಾಗ ದಾಟಿದಳೋ ಅವಳಿಗೆ ತಿಳಿದಿರಲಿಲ್ಲ. ಆಚೆ ಕಡೆ ಏನೂ ಇರಲಿಲ್ಲ. ಬಯಲು, ಅಷ್ಟೆ, ಎಷ್ಟು ಬೇಕಾದರೂ ಹೋಗಬಹುದಾದ ಬಯಲು.

ತಿರುಗಿ ಬಂದಾಗ ರೇಣುಕಾಳ ಮಾವ ಯರ್ರಿಸ್ವಾಮಿ ಹೊಲದಲ್ಲಿ ಹಾಕಿದ್ದ ಕುರಿಹಟ್ಟಿಯ ಬಲೆ ಬಿಚ್ಚುತ್ತಿದ್ದ. ರೇಣುಕಾ ತೋಳದ ಸುದ್ದಿ ಹೇಳಿದಳು. ಅವನು ಕೈಯಲ್ಲಿದ್ದ ಗೂಟ ಕೆಳಗಿಟ್ಟ.

"ಯಾವ ಕಡಿ ಹೋತು?"

"ಗುಡ್ಡದ ಕಡಿ ಮಾವ. ನಮ್ಮ ಸರಿ ಸಮ ಬಂತು."

"ಹೋದ ವರ್ಷ ಎರಡು ಮರಿ ಒಯ್ದೈತಿ ಅದು," ಅಂದ ಮುದುಕ. ಸಿಟ್ಟು ಬರಿಸಿಕೊಳ್ಳಲು ನೋಡಿದ, ಬರಲಿಲ್ಲ. "ಬೆನ್ನು ಹತ್ತಿದ್ದೆ ನಾನು. ಬಡಿಗಿ ಹಿಡಕೊಂಡು. ಓಡಿ ಓಡಿ ಸಾಕಾಗಿ ನಿಂತೆ. ಅದು ಮಾತ್ರ ಹಿಂಗ ಹೊಂಟಿತ್ತು ನೋಡು, ಸಂತಿಗಿ ಹೋದಂಗ. ಬಾಯಾಗ ಮರಿ ಹಿಡಕೊಂಡು. ನಿಂತು ನೋಡಿದೆ. ಇನ್ನೇನು ಮಾಡೂದು? ದೇವ್ರು ಅದರ ಕಾಲು ಮಾಡುವಾಗ ಪುರುಸೊತ್ತಿನ್ಯಾಗ ಇದ್ದ."

ಅವತ್ತಿನಿಂದ ಗೌಸಿಯಾ ಬಿರುಸು ಬಿಟ್ಟಳು. ಬೆಳಿಗ್ಗೆ ಬಾಗಳಿ ರಸ್ತೆ ಹಿಡಿದು, ಹುಣಸೆಮರ ದಾಟಿ, ಅದರಾಚೆಯ ಸೇತುವೆ ದಾಟಿ, ದಿನಕ್ಕಿಷ್ಟು ಅಂತ ದೂರ ಸಾಗುತ್ತ ಹೋದಳು. ಒಂದು ಬೆಳಿಗ್ಗೆ ಬಾಗಳಿಗೇ ಮುಟ್ಟಿಬಿಟ್ಟಳು. ಕಲ್ಲೇಶ್ವರ ಗುಡಿಯ ಎದುರಿನ ಕಟ್ಟೆಯ ಮೇಲೆ ಕೂತು ಬಂದ ದಾರಿಯನ್ನು ನೋಡಿದಳು. ಬಸ್ಸಿನಲ್ಲಿ, ಗಾಡಿಯ ಹಿಂದೆ, ಎಷ್ಟೋ ಸಲ ಬಂದ ಊರು. ಗುಡಿಯ ಕಲ್ಲು ಕಂಬಗಳಲ್ಲಿ ಎಳೆ ಬಿಸಿಲು ಒಂದೊಂದಾಗಿ ಹೊಳೆಯುತ್ತಿತ್ತು. ಇವುಗಳನ್ನು ನಿಲ್ಲಿಸಿದವರೂ ಕಾಲ್ನಡಿಗೆಯಲ್ಲೇ ಬಂದಿರಬೇಕು ಅನ್ನಿಸಿತು. ಕಸ ಗುಡಿಸುತ್ತಿದ್ದ ಹೆಂಗಸೊಬ್ಬಳು ಚರಿಗೆಯಲ್ಲಿ ನೀರು ತಂದುಕೊಟ್ಟು, "ಬಸ್ಸು ಬಂದಿಲ್ಲಲ್ಲ, ಹೆಂಗ ಬಂದ್ರಿ?" ಅಂತ ಕೇಳಿದಳು. ಗೌಸಿಯಾ ತನ್ನ ಎರಡು ತೊಡೆಗಳ ಮೇಲೆ ಕೈಯಿಟ್ಟು ತೋರಿಸಿದಳು. ಅವು ಬೆಚ್ಚಗಿದ್ದವು, ಒಳಗೆ ಏನೋ ಸಣ್ಣಗೆ ಹರಿಯುತ್ತಿತ್ತು. ಇವು ತನ್ನವೇ ಅಂತ ನಂಬಲು ಅವಳು ಇನ್ನೊಂದು ಸಲ ಮುಟ್ಟಿ ನೋಡಿಕೊಂಡಳು.

ಓಟದ ದಿನ ಕೂಡ್ಲಿಗಿಯ ಮೈದಾನದಲ್ಲಿ ಜನವೋ ಜನ. ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದ ಹುಡುಗರು, ಬಳ್ಳಾರಿ ಕಡೆಯ ಕಾಲೇಜು ಹುಡುಗಿಯರು, ಹೊಟ್ಟೆ ಬಂದ ಕೆಲವು ಅಧಿಕಾರಿಗಳು. ನಲವತ್ತು ದಾಟಿದ ಹೆಂಗಸರು ಇವರಿಬ್ಬರೇ ಇದ್ದರೋ ಏನೋ. ಗೌಸಿಯಾ ರೇಣುಕಾಳ ಎದೆಗೆ ನಂಬರಿನ ಚೀಟಿಯನ್ನು ಪಿನ್ನು ಚುಚ್ಚಿ ಹಚ್ಚಿದಳು, ರೇಣುಕಾ ಇವಳಿಗೆ ಹಚ್ಚಿದಳು. ಅಕೀಲ ಹಿಂದಿನ ದಿನವೇ ಬಂದು ಅವರಿಬ್ಬರನ್ನೂ ಪರಿಚಯದವರ ಮನೆಯಲ್ಲಿ ಬಿಟ್ಟು ಹೋಗಿದ್ದ. ಮಷೀನುಗಳ ಕೆಲಸ ಬಿಟ್ಟು ಬರುವಂತಿರಲಿಲ್ಲ.

ಸೀಟಿ ಊದಿದರು. ಹುಡುಗರು ಗುಂಡಿನ ಸದ್ದಿಗೆ ಎದ್ದ ಹಕ್ಕಿಗಳಂತೆ ಹೋದರು. ಇವರಿಬ್ಬರೂ ಹೊಲದ ದಾರಿಯಲ್ಲಿ ಹೋಗುತ್ತಿದ್ದ ಹಾಗೇ ಹೊರಟರು. ಊರು ಮುಗಿಯಿತು. ರಸ್ತೆಯ ಎರಡೂ ಕಡೆ ಶೇಂಗಾ ಕಿತ್ತ ಹೊಲ, ಕಲ್ಲು ಗುಡ್ಡ, ಅಲ್ಲಲ್ಲಿ ಹುಣಸೆ, ಬೇವು. ಹಳ್ಳಿ ಬಂದಲ್ಲೆಲ್ಲ ಜನ ರಸ್ತೆಗೆ ಬಂದು ನಿಂತಿದ್ದರು. ನೀರಿನ ಡ್ರಮ್ಮು, ಬಾಳೆಹಣ್ಣು ಇಟ್ಟುಕೊಂಡು ಕಾಯುತ್ತಿದ್ದರು. ಮೊದಲು ಬಿರುಸಾಗಿ ಹೋದವರು ಒಬ್ಬೊಬ್ಬರಾಗಿ ಬದಿಯಲ್ಲಿ ನಡೆಯುತ್ತ ಸಿಗತೊಡಗಿದರು. ಗೌಸಿಯಾ ರೂಢಿಯಂತೆ ಒಂದು ಹೆಜ್ಜೆ ಮುಂದಿದ್ದಳು.

ಅರ್ಧ ದಾರಿ ದಾಟಿದ ಮೇಲೆ ಒಂದು ಏರು. ಅದರ ನಡುವೆ ಅವಳ ಮೀನಖಂಡ ಮತ್ತೆ ಬಿಗಿಯಿತು. ಹಿಂದಿನಷ್ಟು ಜೋರಾಗಿ ಅಲ್ಲ. ಆದರೆ ಇನ್ನು ಇದೇ ಲಯದಲ್ಲಿ ಹೋದರೆ ಹರಿದೇ ಹೋಗುತ್ತೆ ಅಂತ ಅವಳಿಗೆ ತಿಳಿಯಿತು. ಹೆಜ್ಜೆ ಸಣ್ಣದು ಮಾಡಿದಳು. ಹಿಂದಿನ ಹೆಜ್ಜೆಯೂ ಸಣ್ಣದಾಯಿತು. ಇನ್ನೂ ಸಣ್ಣದು ಮಾಡಿದಳು. ರೇಣುಕಾಳೂ ಹಾಗೇ ಮಾಡಿದಳು.

"ರೇಣಿ, ನೀನು ಹೋಗು."

"ಕಾಲು ಹಿಡಕೊಂತೇನು?"

"ಸ್ವಲ್ಪ. ನಾನು ಹಿಂದಿಂದ ಬರತೀನಿ. ನೀನು ಹೋಗು."

"ಕೂಡಿ ಹೋಗೂನು. ನಡಕೊಂತ ಹೋದ್ರೂ ಆತು."

"ನನ್ನ ಸಲುವಾಗಿ ನಿನ್ನ ಕಾಲು ತಡಿಯಾಕ ಹತ್ತೀದಿ. ಇವತ್ತಲ್ಲ, ಎರಡು ತಿಂಗಳಿಂದ. ನನಗೇನು ಗೊತ್ತಾಗಂಗಿಲ್ಲೇನು?" ಗೌಸಿಯಾಳಿಗೆ ಆ ಮಾತು ಆಡುವ ತನಕ ತನಗದು ಗೊತ್ತಿದೆ ಅಂತಲೇ ಗೊತ್ತಿರಲಿಲ್ಲ. "ಹೋಗಲೇ. ಎಷ್ಟು ಬರತೈತೋ ಅಷ್ಟು ಓಡು. ಹಿಂದ ನೋಡಬ್ಯಾಡ."

ರೇಣುಕಾ ಅವಳ ಪಕ್ಕಕ್ಕೆ ಬಂದಳು. ಮುಖ ನೋಡಿದಳು. ಆಮೇಲೆ ಮುಂದೆ ಹೋದಳು.

ಗೌಸಿಯಾ ನಿಂತುಬಿಟ್ಟಳು. ಕಾಲು ನೋವಿಗೆ ಅಲ್ಲ.

ಆಕೆ ಇಷ್ಟು ವರ್ಷದಲ್ಲಿ ರೇಣುಕಾ ಓಡುವುದನ್ನು ಒಂದು ಸಲವೂ ನೋಡಿರಲಿಲ್ಲ. ಹೆಜ್ಜೆಯ ಸಪ್ಪಳ ಕೇಳಿದ್ದಳು, ಉಸಿರು ಕೇಳಿದ್ದಳು, ಗೆರೆ ಮುಟ್ಟಿದ ಮೇಲೆ ತಿರುಗಿ ನಿಂತಾಗ ಬೆವರಿದ ಮುಖ ಕಂಡಿದ್ದಳು. ಓಟವನ್ನು ಕಂಡಿರಲಿಲ್ಲ. ತಾನು ಯಾವಾಗಲೂ ಮುಂದಿದ್ದಳಲ್ಲ; ಪಕ್ಕದಲ್ಲಿದ್ದ ಆ ಒಂದು ದಿನ ಕಣ್ಣು ತೋಳದ ಮೇಲಿತ್ತು.

ಈಗ ಕಂಡಿತು. ಏರನ್ನು ಏರು ಅಂತ ಲೆಕ್ಕಿಸದೆ ರೇಣುಕಾ ಹೋಗುತ್ತಿದ್ದಳು. ನೆಲ ಅವಳ ಪಾದವನ್ನು ಹಿಡಿಯುತ್ತಿರಲಿಲ್ಲ, ಮುಟ್ಟಿ ಮೇಲಕ್ಕೆ ಕಳಿಸುತ್ತಿತ್ತು. ಹೆಗಲು ಸಡಿಲವಾಗಿತ್ತು. ತುರುಬು ಬಿಚ್ಚಿ ಜಡೆ ಬೆನ್ನ ಮೇಲೆ ಬಿದ್ದಿತ್ತು. ತಾನೇ ಹೊಲಿದ ಅಂಗಿ ಗಾಳಿ ತುಂಬಿಕೊಂಡು, ಬಿಟ್ಟು, ತುಂಬಿಕೊಂಡು, ಬಿಟ್ಟು, ಜೀವಂತ ಪ್ರಾಣಿಯ ಪಕ್ಕೆಯಂತೆ ಆಡುತ್ತಿತ್ತು. ತಡೆದಿಟ್ಟಿದ್ದ ಎಷ್ಟೋ ವರ್ಷದ ಓಟ ಆ ಕಾಲುಗಳಿಂದ ಒಂದೇ ಸಲಕ್ಕೆ ಬಿಡುಗಡೆಯಾಗಿ ಬರುತ್ತಿತ್ತು. ನಡೆಯುತ್ತಿದ್ದ ಒಬ್ಬ ಹುಡುಗನನ್ನು ದಾಟಿದಳು. ಓಡುತ್ತಿದ್ದ ಇಬ್ಬರನ್ನು ದಾಟಿದಳು. ಅವರು ತಲೆಯೆತ್ತಿ ನೋಡಿದರು. ಏರಿನ ತುದಿಗೆ ಹೋದಾಗ ಹಿಂದೆ ನೋಡಲಿಲ್ಲ.

ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದ ಮುದುಕನೊಬ್ಬ ಬೀಡಿ ಬಾಯಿಂದ ತೆಗೆದು, "ಯಾರವ್ವ ಆಕಿ?" ಅಂತ ಕೇಳಿದ.

"ನಮ್ಮ ರೇಣುಕಾ ರೀ," ಅಂದಳು ಗೌಸಿಯಾ. "ತೆಲಿಗಿಯಾಕಿ."

ಮುಂದಿನ ದಾರಿ ಅವಳು ಸ್ವಲ್ಪ ನಡೆದಳು, ಸ್ವಲ್ಪ ಓಡಿದಳು. ಕಾಲು ನೋಯುತ್ತಿತ್ತು, ಬಿಸಿಲು ಏರಿತ್ತು, ತುಟಿ ಉಪ್ಪಾಗಿತ್ತು. ಆದರೆ ತಾನು ಸೋತೆ ಅಂತ ಅನ್ನಿಸಲಿಲ್ಲ. ಕಣ್ಣೆದುರಿಗೆ ಇಲ್ಲದಿದ್ದರೂ ರೇಣುಕಾಳ ಬೆನ್ನು ಅವಳಿಗೆ ರಸ್ತೆಯುದ್ದಕ್ಕೂ ಕಾಣುತ್ತಲೇ ಇತ್ತು. ಕೊಟ್ಟೂರಿನ ಹೊರವಲಯದ ಶಾಲೆಯ ಮೈದಾನಕ್ಕೆ ಅವಳು ಬಂದಾಗ ಬಹುಮಾನ ಕೊಟ್ಟು ಮುಗಿದಿತ್ತು. ಶಾಮಿಯಾನದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಗೆರೆ ಎಳೆದಿದ್ದ ಸುಣ್ಣ ಕಾಲಿಗೆ ಹತ್ತಿ ಅಳಿಸಿಹೋಗಿತ್ತು. ಆದರೂ ಒಬ್ಬ ಹುಡುಗಿ ಗಡಿಯಾರ ಹಿಡಿದು ಕೂತಿದ್ದಳು, ಇವಳನ್ನು ಕಂಡು ಎದ್ದು ನಿಂತು ಚಪ್ಪಾಳೆ ಹೊಡೆದಳು. ಕುರ್ಚಿ ಹೊತ್ತವರೂ ಅವನ್ನು ಕೆಳಗಿಟ್ಟು ಹೊಡೆದರು.

ರೇಣುಕಾ ಹೆಂಗಸರಲ್ಲಿ ಮೂರನೆಯವಳಾಗಿ ಬಂದಿದ್ದಳು. ಅವಳ ಮುಂದೆ ಬಂದ ಇಬ್ಬರೂ ಅವಳಿಗೆ ಮಗಳಾಗುವ ವಯಸ್ಸಿನವರು. ಬೇವಿನ ಮರದ ಕೆಳಗೆ ಬೂಟು ಬಿಚ್ಚಿ ಕೂತಿದ್ದವಳು ಗೌಸಿಯಾಳನ್ನು ಕಂಡು ಎದ್ದಳು, ಕಾಲು ಕೇಳದೆ ಮತ್ತೆ ಕೂತಳು. ಗೌಸಿಯಾ ಹೋಗಿ ಪಕ್ಕದಲ್ಲೇ ಉರುಳಿದಳು. ಇಬ್ಬರೂ ಬೇವಿನ ಎಲೆಯ ಸಂದಿನ ಆಕಾಶ ನೋಡುತ್ತ ಮಲಗಿದರು.

"ನೀನು ಹೆಂಗ ಓಡತೀ ಅಂತ ನಾನು ನೋಡೇ ಇರಲಿಲ್ಲಲೇ," ಅಂದಳು ಗೌಸಿಯಾ. "ಇವತ್ತು ನೋಡಿದೆ."

"ಹೆಂಗ ಓಡತೀನಿ?"

ಗೌಸಿಯಾ ಕೈ ಎತ್ತಿ ಗಾಳಿಯಲ್ಲಿ ಒಂದು ಗೆರೆ ಎಳೆದು ತೋರಿಸಿದಳು.

ರೇಣುಕಾ ಆ ಕೈಯನ್ನೇ ನೋಡಿದಳು. "ನಾನು ನಿಂದು ನೋಡೀನಿ," ಅಂದಳು. "ಹೈಸ್ಕೂಲಿನಾಗೆಲ್ಲ ನಾನು ನೋಡಿದ್ದು ಅದನ್ನ. ನಿನ್ನ ಹಿಮ್ಮಡ, ನಿನ್ನ ರಿಬ್ಬನ್ನು. ಎಲ್ಲಾರೂ ಅಂತಿದ್ರು, ಪಾಪ ಈ ಹುಡುಗಿ ಎರಡನೇದು ಬಿಟ್ಟು ಮ್ಯಾಲ ಏರಂಗಿಲ್ಲ ಅಂತ. ನನಗ ಹಂಗ ಅನ್ನಿಸ್ತಿರಲಿಲ್ಲ ಗೌಸಿ. ಅದನ್ನ ಅಷ್ಟು ಹತ್ತಿರದಿಂದ ನೋಡಾಕ ಸಿಗತಿದ್ದದ್ದು ನನಗೊಬ್ಬಾಕಿಗೇ."

ಗೌಸಿಯಾ ಎತ್ತಿದ್ದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಳು. ತಾನು ಹಾಗೆ ಓಡುತ್ತಿದ್ದದ್ದನ್ನು ತಾನೆಂದೂ ಕಾಣಲಾರೆ, ಅದು ಇವಳೊಬ್ಬಳ ಕಣ್ಣಿನಲ್ಲಿ ಇಷ್ಟು ವರ್ಷ ಕೆಡದೆ ಉಳಿದಿತ್ತು ಅನ್ನುವುದನ್ನು ಯೋಚಿಸುತ್ತ ಮಲಗಿದಳು. ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು.

ಹರಪನಹಳ್ಳಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆಟ್ಟಿಲು ಹತ್ತಲು ಇಬ್ಬರೂ ಒಬ್ಬರನ್ನೊಬ್ಬರು ಎಳೆದುಕೊಳ್ಳಬೇಕಾಯಿತು. ಮೊಣಕಾಲು ಮಡಚುತ್ತಿರಲಿಲ್ಲ, ಅದಕ್ಕೆ ಇಬ್ಬರಿಗೂ ತಡೆಯಲಾರದ ನಗು. ಎದೆಯ ಮೇಲಿನ ನಂಬರಿನ ಚೀಟಿ ತೆಗೆಯಲು ಮರೆತಿದ್ದರು. ಕಾಯಿಪಲ್ಲೆಯ ಚೀಲ ಕಾಲಡಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ಚೀಟಿಯನ್ನೂ ಅವರ ಮುಖವನ್ನೂ ನೋಡಿದಳು.

"ಎಲ್ಲಿಂದ ಬಂದ್ರವ್ವ?"

"ಕೂಡ್ಲಿಗಿಯಿಂದ," ಅಂದಳು ರೇಣುಕಾ.

"ಯಾವ ಬಸ್ಸಿಗಿ ಬಂದ್ರಿ? ಮುಂಜಾನಿಯಿಂದ ಆ ರಸ್ತೆದಾಗ ಬಸ್ಸು ಬಿಟ್ಟಿಲ್ಲಂತಲ್ಲ. ಓಟ ಐತಂತ."

"ನಾವು ಓಡಿಕೊಂತ ಬಂದ್ವಿ ರೀ," ಅಂದಳು ಗೌಸಿಯಾ.

ಹೆಂಗಸು, ಕೂಡ್ಲಿಗಿ ಎಲ್ಲಿದೆ, ಕೊಟ್ಟೂರು ಎಲ್ಲಿದೆ ಅಂತ ಮನಸ್ಸಿನಲ್ಲೇ ಆ ದಾರಿಯನ್ನು ಒಮ್ಮೆ ಹೋಗಿ ಬಂದಂತೆ ಕಂಡಿತು. ಅವಳ ಕಣ್ಣು ಮೆಲ್ಲಗೆ ಅವರ ಕಾಲಿನ ಕಡೆ ಇಳಿದು ಅಲ್ಲೇ ನಿಂತಿತು. ಆಮೇಲೆ ಆಕೆ ಕಾಯಿಪಲ್ಲೆಯ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು, ಕಿಟಕಿಯ ಕಡೆ ಸರಿದು, ತನ್ನ ಪಕ್ಕ ಒಬ್ಬರು ಕೂಡುವಲ್ಲಿ ಇಬ್ಬರಿಗೂ ಆಗುವಷ್ಟು ಜಾಗ ಮಾಡಿದಳು.